ಸೀಟು ಸಿಗುವ ಸಾಧ್ಯತೆ ಎಷ್ಟು? ಅಮೆರಿಕದ ಪದವಿ ಬಿಸಿನೆಸ್ ಸ್ಕೂಲುಗಳ ಲೆಕ್ಕಾಚಾರ

‘ಎಸ್‌ಎಟಿ 1520, ಗ್ರೇಡ್ ಸರಾಸರಿ 3.9, ಶಾಲೆಯ ಬಿಸಿನೆಸ್ ಕ್ಲಬ್ಬಿನ ಅಧ್ಯಕ್ಷೆ. ವಾರ್ಟನ್ ಸಿಗುತ್ತದೆಯೇ?’ ಅಮೆರಿಕದ ಪದವಿ ಬಿಸಿನೆಸ್ ಸ್ಕೂಲುಗಳಿಗೆ ಅರ್ಜಿ ಹಾಕುವವರ ಪ್ರಶ್ನೆ ಬಹುಮಟ್ಟಿಗೆ ಹೀಗೇ ಬರುತ್ತದೆ. (ಎಸ್‌ಎಟಿ ಅಲ್ಲಿನ ಪ್ರವೇಶ ಪರೀಕ್ಷೆ, 1600ಕ್ಕೆ ಅಂಕ; ಗ್ರೇಡ್ ಸರಾಸರಿ ಸಾಮಾನ್ಯವಾಗಿ 4ಕ್ಕೆ.) ಇಷ್ಟನ್ನೇ ಕೇಳಿಸಿಕೊಂಡು ‘ಶೇ 20’ ಎಂದೋ ‘ಶೇ 40’ ಎಂದೋ ಹೇಳುವವರನ್ನು ದಯವಿಟ್ಟು ನಂಬಬೇಡಿ. ಪ್ರಶ್ನೆಯಲ್ಲಿ ಮೂರು ಸಂಗತಿಗಳಿವೆ. ಆದರೆ ಅದರಲ್ಲಿ ಇಲ್ಲದ ಐದು ಸಂಗತಿಗಳಿಗೇ ಹೆಚ್ಚು ತೂಕ. ಆಕೆಯ ಶಾಲೆಯಲ್ಲಿ ಯಾವ ಯಾವ ಕೋರ್ಸುಗಳಿವೆ, ಅವುಗಳಲ್ಲಿ ಆಕೆ ಯಾವುದನ್ನು ಆರಿಸಿಕೊಂಡಳು, ಆಕೆ ಎಲ್ಲಿಯ ನಿವಾಸಿ, ಯಾವ ಸುತ್ತಿನಲ್ಲಿ ಅರ್ಜಿ ಹಾಕುತ್ತಾಳೆ, ಹಣಕಾಸಿನ ನೆರವು ಬೇಕೇ ಬೇಡವೇ. ಇವು ಗೊತ್ತಿಲ್ಲದೆ ಕೊಡುವ ಯಾವ ಅಂಕಿಯೂ ಬರೀ ಊಹೆ. ಇವತ್ತು ಈ ಐದನ್ನೂ ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು ನೋಡೋಣ.

ಮೊದಲು, ಬಾಗಿಲು ಯಾವುದೆಂದು ಗೊತ್ತುಮಾಡಿಕೊಳ್ಳಿ. ಅಮೆರಿಕದ ಬಿಸಿನೆಸ್ ಸ್ಕೂಲುಗಳೆಲ್ಲ ಪದವಿ ವಿದ್ಯಾರ್ಥಿಗಳನ್ನು ಒಂದೇ ರೀತಿಯಲ್ಲಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ಟರ್ನ್, ಕಾರ್ನೆಲ್‌ನ ಡೈಸನ್ ಇವುಗಳಿಗೆ ಹೈಸ್ಕೂಲಿನಿಂದಲೇ ನೇರವಾಗಿ, ಆ ಸ್ಕೂಲಿನ ಹೆಸರನ್ನೇ ಆರಿಸಿ ಅರ್ಜಿ ಹಾಕಬೇಕು. ಮಿಷಿಗನ್‌ನ ರಾಸ್‌ನಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಒಂದು ತೀರ್ಮಾನ, ರಾಸ್‌ನ ಪ್ರವೇಶ ಅದರ ಮೇಲಿನ ಇನ್ನೊಂದು ತೀರ್ಮಾನ ಎಂಬ ಕ್ರಮ ಬಹಳ ಕಾಲ ನಡೆದುಬಂದಿದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನದು ಮೂರನೆಯ ಬಗೆ. ಆ ರಾಜ್ಯದ ಶಾಲೆಗಳಲ್ಲಿ ತರಗತಿಯ ಮೊದಲ ಶೇ 5ರೊಳಗೆ ಇರುವವರಿಗೆ ಕಾನೂನಿನ ಪ್ರಕಾರ ವಿಶ್ವವಿದ್ಯಾಲಯದಲ್ಲಿ ಸೀಟು ಖಚಿತ. 2026ರ ಶರತ್ಕಾಲದ ಪ್ರವೇಶಕ್ಕೆ ಮುನ್ನ ಇದು ಶೇ 6 ಇತ್ತು. ಆದರೆ ಆ ಖಾತರಿ ವಿಶ್ವವಿದ್ಯಾಲಯಕ್ಕೆ ಮಾತ್ರ, ಅಲ್ಲಿನ ಮೆಕೂಂಬ್ಸ್ ಬಿಸಿನೆಸ್ ಸ್ಕೂಲಿಗಲ್ಲ. ‘ನಾನು ಆಟೋಮ್ಯಾಟಿಕ್ ಅಡ್ಮಿಟ್’ ಎಂದು ನಿಶ್ಚಿಂತೆಯಿಂದ ಇದ್ದ ಮಕ್ಕಳು ಕೊನೆಗೆ ಬೇರೊಂದು ವಿಭಾಗದಲ್ಲಿ ಕೂರುವುದು ಇದೇ ಕಾರಣಕ್ಕೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಹಾಸ್ ಸ್ಕೂಲಿನದು ಇನ್ನೂ ಎಚ್ಚರಿಕೆಯಿಂದ ನೋಡಬೇಕಾದ ವಿಷಯ. ಮೊದಲೆಲ್ಲ ಬರ್ಕ್ಲಿಗೆ ಸೇರಿ, ಎರಡು ವರ್ಷ ಓದಿ, ಆಮೇಲೆ ಹಾಸ್‌ಗೆ ಅರ್ಜಿ ಹಾಕಬೇಕಿತ್ತು. 2024ರ ಶರತ್ಕಾಲದಿಂದ ಅದು ನಾಲ್ಕು ವರ್ಷದ ಕೋರ್ಸಾಗಿ, ಹೈಸ್ಕೂಲಿನಿಂದ ನೇರ ಪ್ರವೇಶ ಶುರುವಾಯಿತು. ಹಾಗಾಗಿ ಹಾಸ್ ಬಗ್ಗೆ ಅದಕ್ಕೂ ಹಿಂದೆ ಯಾರೋ ಬರೆದಿಟ್ಟ ಸಲಹೆ, ಪ್ರವೇಶ ಪ್ರಮಾಣ, ‘ಬರ್ಕ್ಲಿ ಒಳಗೆ ಹೋದರೆ ಸಾಕು, ಆಮೇಲೆ ನೋಡಿಕೊಳ್ಳೋಣ’ ಎಂಬ ತಂತ್ರ, ಯಾವುದೂ ಈಗ ಉಪಯೋಗಕ್ಕೆ ಬರುವುದಿಲ್ಲ. ಯಾವ ಸ್ಕೂಲಿನ ಅಂಕಿ ಸಿಕ್ಕರೂ ಅದು ಯಾವ ವರ್ಷದ್ದು, ಆ ವರ್ಷ ಬಾಗಿಲು ಎಲ್ಲಿತ್ತು ಎಂದು ಕೇಳಿಕೊಳ್ಳಿ.

ಬಾಗಿಲಿನ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಇಲ್ಲಿ ಸಿಗದಿದ್ದರೆ ಏನಾಗುತ್ತದೆ? ಕೆಲವು ಕಡೆ ಬಿಸಿನೆಸ್ ಸ್ಕೂಲ್ ತಿರಸ್ಕರಿಸಿದರೆ ಇಡೀ ವಿಶ್ವವಿದ್ಯಾಲಯವೇ ತಿರಸ್ಕರಿಸಿದ ಹಾಗೆ. ಕೆಲವು ಕಡೆ ಎರಡನೆಯ ಆಯ್ಕೆಯ ವಿಭಾಗಕ್ಕೆ ಪರಿಗಣಿಸುತ್ತಾರೆ. ಇನ್ನು ಕೆಲವು ಕಡೆ ಕಲಾ ಮತ್ತು ವಿಜ್ಞಾನ ಕಾಲೇಜಿನಲ್ಲಿ ಸೀಟು ಸಿಕ್ಕಿರುತ್ತದೆ, ಮೊದಲ ವರ್ಷದ ನಂತರ ಒಳಗಿನಿಂದಲೇ ವರ್ಗಾವಣೆಗೆ ಪ್ರಯತ್ನಿಸಬಹುದು. ಒಳಗಿನ ವರ್ಗಾವಣೆ ಸುಲಭ ಎಂಬ ನಂಬಿಕೆ ಬಹಳ ಜನರಲ್ಲಿದೆ. ಬೇಡಿಕೆಯಿರುವ ಬಿಸಿನೆಸ್ ಸ್ಕೂಲುಗಳಲ್ಲಿ ಖಾಲಿ ಉಳಿದಷ್ಟೇ ಸೀಟುಗಳಿಗೆ, ಮೊದಲ ವರ್ಷ ತುಂಬಾ ಒಳ್ಳೆಯ ಗ್ರೇಡು ಪಡೆದವರೆಲ್ಲ ಪೈಪೋಟಿಗೆ ನಿಲ್ಲುತ್ತಾರೆ. ಆ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರವನ್ನೋ ಸಂಖ್ಯಾಶಾಸ್ತ್ರವನ್ನೋ ಸಂತೋಷದಿಂದ ಓದಲು ನಿಮ್ಮ ಮಗು ತಯಾರಿಲ್ಲದಿದ್ದರೆ, ವರ್ಗಾವಣೆಯನ್ನು ನಂಬಿ ಅಲ್ಲಿಗೆ ಹೋಗಬಾರದು.

ಈಗ ಅಂಕಿಅಂಶ ಎಲ್ಲಿ ಸಿಗುತ್ತದೆ ಎಂದು ನೋಡೋಣ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಪ್ರತಿ ವರ್ಷ ‘ಕಾಮನ್ ಡೇಟಾ ಸೆಟ್’ ಎಂಬ ಒಂದು ದಾಖಲೆಯನ್ನು ಪ್ರಕಟಿಸುತ್ತವೆ. ವಿಶ್ವವಿದ್ಯಾಲಯದ ಹೆಸರಿನ ಜೊತೆ ಆ ಮೂರು ಪದ ಹಾಕಿ ಹುಡುಕಿದರೆ ಸಿಗುತ್ತದೆ, ಪುಕ್ಕಟೆ. ಅದರಲ್ಲಿ ಪ್ರವೇಶಕ್ಕೆ ಸಂಬಂಧಿಸಿದ್ದು ‘ಸಿ’ ವಿಭಾಗ. ಸಿ1ರಲ್ಲಿ ಅರ್ಜಿ ಎಷ್ಟು, ಒಪ್ಪಿದ್ದು ಎಷ್ಟು, ಸೇರಿದ್ದು ಎಷ್ಟು ಎಂಬುದಿದೆ. ಸಿ2 ಕಾಯುವ ಪಟ್ಟಿಯದು. ಸಿ9ರಲ್ಲಿ ಸೇರಿದವರ ಪರೀಕ್ಷಾ ಅಂಕಗಳು, ಸಿ21ರಲ್ಲಿ ಬೇಗ ಅರ್ಜಿ ಹಾಕುವ ‘ಅರ್ಲಿ ಡಿಸಿಷನ್’ ಸುತ್ತಿನ ಲೆಕ್ಕ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಸಿ7. ಅದೊಂದು ಕೋಷ್ಟಕ. ಕೋರ್ಸುಗಳ ಕಠಿಣತೆ, ಗ್ರೇಡು, ಪ್ರಬಂಧ, ಶಿಫಾರಸು ಪತ್ರ, ಚಟುವಟಿಕೆ, ಹಳೆಯ ವಿದ್ಯಾರ್ಥಿಗಳ ಮಕ್ಕಳೇ ಎಂಬುದು, ರಾಜ್ಯದ ನಿವಾಸ, ಅರ್ಜಿದಾರರು ತೋರಿಸಿದ ಆಸಕ್ತಿ ಹೀಗೆ ಒಂದೊಂದರ ಮುಂದೆಯೂ ‘ಬಹಳ ಮುಖ್ಯ’, ‘ಮುಖ್ಯ’, ‘ಪರಿಗಣಿಸುತ್ತೇವೆ’, ‘ಪರಿಗಣಿಸುವುದಿಲ್ಲ’ ಎಂದು ವಿಶ್ವವಿದ್ಯಾಲಯವೇ ಗುರುತು ಹಾಕಿರುತ್ತದೆ. ‘ತೋರಿಸಿದ ಆಸಕ್ತಿ’ಯನ್ನು ಪರಿಗಣಿಸುವುದಿಲ್ಲ ಎಂದು ಅವರೇ ಬರೆದಿರುವ ಕಡೆ, ಆಸಕ್ತಿ ತೋರಿಸಲೆಂದೇ ಕ್ಯಾಂಪಸ್ ಭೇಟಿಗೆ ದುಡ್ಡು ಸುರಿಯಬೇಕಾಗಿಲ್ಲ.

ಆದರೆ ಇದರ ಮಿತಿಯೂ ಗೊತ್ತಿರಲಿ. ಈ ದಾಖಲೆ ಇಡೀ ವಿಶ್ವವಿದ್ಯಾಲಯದ್ದು, ಬಿಸಿನೆಸ್ ಸ್ಕೂಲಿನದಲ್ಲ. ವಿಶ್ವವಿದ್ಯಾಲಯದ ಪ್ರಮಾಣ ಶೇ 18 ಎಂದಿದ್ದರೆ ಬಿಸಿನೆಸ್‌ನದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಬೇಡಿಕೆ ಹೆಚ್ಚು, ಸೀಟು ಸೀಮಿತ. ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಇನ್ನೊಂದು ಮಡಿಕೆಯಿದೆ. ಸ್ವಂತ ರಾಜ್ಯದವರ ಪ್ರಮಾಣ ಬೇರೆ, ಹೊರಗಿನವರದು ಬೇರೆ, ವಿದೇಶಿಯರದು ಇನ್ನೂ ಬೇರೆ. ಮೂರನ್ನೂ ಕಲಸಿದ ಸರಾಸರಿ ಮೂವರಲ್ಲಿ ಯಾರಿಗೂ ಹೊಂದುವುದಿಲ್ಲ.

ಪರೀಕ್ಷಾ ಅಂಕಗಳ ವಿಷಯಕ್ಕೆ ಬರೋಣ, ಏಕೆಂದರೆ ಅತಿ ಹೆಚ್ಚು ತಪ್ಪು ಓದುವುದು ಇದನ್ನೇ. ಒಂದು ಕಡೆ 25ನೇ ಪರ್ಸೆಂಟೈಲ್ 1500, 75ನೇ ಪರ್ಸೆಂಟೈಲ್ 1560 ಎಂದು ಇದೆ ಎಂದುಕೊಳ್ಳಿ. ಸೇರಿದವರಲ್ಲಿ ಕಾಲು ಭಾಗ 1500 ಅಥವಾ ಅದಕ್ಕಿಂತ ಕೆಳಗೆ, ಕಾಲು ಭಾಗ 1560 ಅಥವಾ ಅದಕ್ಕಿಂತ ಮೇಲೆ. ಅಷ್ಟೇ ಅದರ ಅರ್ಥ. ‘ನನಗೆ 1560 ಬಂದಿದೆ, ಅಂದರೆ ಶೇ 75 ಅವಕಾಶ’ ಎಂದು ಓದುವುದು ದೊಡ್ಡ ತಪ್ಪು. ಆ ಅಂಕ ಪಡೆದು ತಿರಸ್ಕೃತರಾದವರು ಎಷ್ಟು ಮಂದಿ ಎಂಬುದನ್ನು ಈ ಕೋಷ್ಟಕ ಹೇಳುವುದೇ ಇಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಅಂಕ ಕಳಿಸುವುದು ಐಚ್ಛಿಕವಾಗಿರುವ ಕಡೆ ಒಳ್ಳೆಯ ಅಂಕ ಬಂದವರು ಮಾತ್ರ ಕಳಿಸುತ್ತಾರೆ, ಹಾಗಾಗಿ ಆ ವ್ಯಾಪ್ತಿ ನಿಜಕ್ಕಿಂತ ಮೇಲೆ ಕಾಣುತ್ತದೆ. ಸಿ9ರಲ್ಲೇ ಶೇಕಡಾ ಎಷ್ಟು ಮಂದಿ ಅಂಕ ಕಳಿಸಿದ್ದರು ಎಂಬುದೂ ಇರುತ್ತದೆ. ಎಸ್‌ಎಟಿ ಮತ್ತು ಅದರಂಥದೇ ಇನ್ನೊಂದು ಪ್ರವೇಶ ಪರೀಕ್ಷೆಯಾದ ಎಸಿಟಿ ಎರಡೂ ಸೇರಿ ಅದು ಶೇ 40 ಎಂದಿದ್ದರೆ, ಕನಿಷ್ಠ ಶೇ 60 ಮಂದಿ ಅಂಕ ಕಳಿಸದೆ ಸೇರಿದ್ದಾರೆ ಎಂದು ತಿಳಿಯಿರಿ.

ಅದೇ 1520ಕ್ಕೆ ಒಂದೊಂದು ಕಡೆ ಒಂದೊಂದು ಬೆಲೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳು ಪ್ರವೇಶ ನಿರ್ಧರಿಸುವಾಗ ಎಸ್‌ಎಟಿಯನ್ನಾಗಲಿ ಎಸಿಟಿಯನ್ನಾಗಲಿ ನೋಡುವುದೇ ಇಲ್ಲ. ಹಾಗಾಗಿ ಹಾಸ್‌ಗೆ ಆ 1520 ಶೂನ್ಯ. ಪೆನ್ಸಿಲ್ವೇನಿಯಾ ಕೆಲವು ವರ್ಷ ಐಚ್ಛಿಕವಾಗಿಟ್ಟು, 2025–26ರ ಅರ್ಜಿ ವರ್ಷದಿಂದ ಮತ್ತೆ ಕಡ್ಡಾಯ ಮಾಡಿದೆ. ಅಂದರೆ ಅಲ್ಲಿ ಎಲ್ಲರ ಅಂಕವೂ ಮೇಜಿನ ಮೇಲಿರುತ್ತದೆ.

ಪರೀಕ್ಷಾ ಅಂಕಕ್ಕಿಂತ ಮೊದಲು ಅರ್ಜಿ ಓದುವ ಅಧಿಕಾರಿಗಳು ತೆರೆಯುವುದು ಶಾಲೆಯ ಅಂಕಪಟ್ಟಿಯನ್ನು, ಅದರ ಜೊತೆಗೆ ಶಾಲೆಯ ಕೌನ್ಸೆಲರ್ ಕಳಿಸುವ ‘ಸ್ಕೂಲ್ ಪ್ರೊಫೈಲ್’ ಅನ್ನು. ಆ ಶಾಲೆಯಲ್ಲಿ ಯಾವ ಉನ್ನತ ಮಟ್ಟದ ಕೋರ್ಸುಗಳಿವೆ, ಗ್ರೇಡು ಕೊಡುವ ಪದ್ಧತಿ ಏನು ಎಂಬ ವಿವರ ಆ ಪ್ರೊಫೈಲಿನಲ್ಲಿರುತ್ತದೆ. 15 ಎಪಿ (ಕಾಲೇಜು ಮಟ್ಟದ) ಕೋರ್ಸುಗಳಿರುವ ಶಾಲೆಯಲ್ಲಿ 4 ತೆಗೆದುಕೊಂಡು 4.0 ಪಡೆದ ವಿದ್ಯಾರ್ಥಿಗಿಂತ, 5 ಮಾತ್ರ ಇರುವ ಶಾಲೆಯಲ್ಲಿ 5ನ್ನೂ ತೆಗೆದುಕೊಂಡು 3.9 ಪಡೆದ ವಿದ್ಯಾರ್ಥಿಯ ಅಂಕಪಟ್ಟಿ ಬಲವಾದದ್ದು. ಬಿಸಿನೆಸ್ ಸ್ಕೂಲಿನ ಅರ್ಜಿಯಲ್ಲಿ ವಿಶೇಷವಾಗಿ ಕಣ್ಣು ಹೋಗುವುದು ಗಣಿತದ ಸಾಲಿನ ಮೇಲೆ. ವಾರ್ಟನ್‌ನ ಪಠ್ಯಕ್ರಮದಲ್ಲೇ ಕಲನಶಾಸ್ತ್ರ (ಕ್ಯಾಲ್ಕುಲಸ್) ಇದೆ. ಶಾಲೆಯಲ್ಲಿ ಕಲನಶಾಸ್ತ್ರ ಲಭ್ಯವಿದ್ದೂ ಅದನ್ನು ಬಿಟ್ಟು ಸುಲಭದ ಗಣಿತ ಆರಿಸಿಕೊಂಡಿದ್ದರೆ, ಬಿಸಿನೆಸ್ ಕ್ಲಬ್ಬಿನ ಯಾವ ಅಧ್ಯಕ್ಷಗಿರಿಯೂ ಆ ಕೊರತೆಯನ್ನು ತುಂಬುವುದಿಲ್ಲ. ಕೊನೆಯ ವರ್ಷದ ಕೋರ್ಸು ಆರಿಸುವ ಸಮಯದಲ್ಲೇ ಈ ಮಾತು ಮಕ್ಕಳ ಕಿವಿಗೆ ಬೀಳಬೇಕು. ಅರ್ಜಿ ಬರೆಯುವ ಹೊತ್ತಿಗೆ ತಿದ್ದಲು ಆಗದ ಸಂಗತಿ ಇದು.

ಗ್ರೇಡ್ ಸರಾಸರಿಯನ್ನು ಹೋಲಿಸುವಾಗ ತೂಕ ಸೇರಿಸಿದ್ದೋ ಸೇರಿಸದ್ದೋ ಎಂದು ನೋಡಿ. 4.4 ಎಂದು ಯಾರಾದರೂ ಹೇಳಿದರೆ ಅದು ಕಠಿಣ ಕೋರ್ಸುಗಳಿಗೆ ಹೆಚ್ಚುವರಿ ಅಂಶ ಸೇರಿಸಿದ ಸರಾಸರಿ. ಬರ್ಕ್ಲಿಯಂಥ ಕಡೆ ಶಾಲೆಯ ಲೆಕ್ಕವನ್ನು ಬದಿಗಿಟ್ಟು ತಮ್ಮದೇ ಸೂತ್ರದಲ್ಲಿ, 9ನೇ ತರಗತಿ ಮುಗಿದ ಮೇಲಿನಿಂದ 11ನೇ ತರಗತಿಯವರೆಗಿನ ಗ್ರೇಡುಗಳಿಂದ ಮತ್ತೆ ಲೆಕ್ಕ ಹಾಕುತ್ತಾರೆ.

ಇಷ್ಟೆಲ್ಲ ಸೇರಿ ಆಗುವುದು ಹೊಸ್ತಿಲು. ಅಂಕಪಟ್ಟಿ ಮತ್ತು ಪರೀಕ್ಷೆ ನಿಮ್ಮನ್ನು ಹೊಸ್ತಿಲಿನ ತನಕ ತರುತ್ತವೆ. ಕೆಳಗಿದ್ದರೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ, ಮೇಲಿದ್ದರೆ ತೆರೆದಿದೆ ಎಂದಲ್ಲ. 1540ನ್ನು 1570 ಮಾಡಲು ಮೂರನೇ ಸಲ ಪರೀಕ್ಷೆ ಬರೆಸುವ ತಂದೆತಾಯಂದಿರಿಗೆ ಹೇಳುತ್ತೇನೆ: ಆ ಮೂರು ತಿಂಗಳ ಶನಿವಾರಗಳನ್ನು ಮಗುವಿಗೆ ಬಿಟ್ಟುಕೊಡಿ. ಹೊಸ್ತಿಲಿನ ಆಚೆ ಬೇಕಾಗುವುದು ಬೇರೆಯೇ ಸಾಮಗ್ರಿ.

ಆ ಆಚೆಯ ಓದು ಹೇಗೆ ನಡೆಯುತ್ತದೆ? ಪೆನ್ಸಿಲ್ವೇನಿಯಾದಲ್ಲಿ ಶುರುವಾಗಿ ಹಲವು ಕಡೆಗೆ ಹರಡಿದ ಒಂದು ಪದ್ಧತಿಯಲ್ಲಿ ಇಬ್ಬರು ಅಧಿಕಾರಿಗಳು ಒಂದೇ ಅರ್ಜಿಯನ್ನು ಒಟ್ಟಿಗೆ ಕೂತು ಓದುತ್ತಾರೆ. ಒಬ್ಬರು ಅಂಕಪಟ್ಟಿ ಮತ್ತು ಶಿಫಾರಸು ಪತ್ರಗಳ ಭಾಗ, ಇನ್ನೊಬ್ಬರು ಪ್ರಬಂಧ ಮತ್ತು ಚಟುವಟಿಕೆಗಳ ಭಾಗ. ಓದುತ್ತಲೇ ಮಾತಾಡಿಕೊಂಡು ಅಲ್ಲೇ ಒಂದು ಅಭಿಪ್ರಾಯಕ್ಕೆ ಬರುತ್ತಾರೆ. ಒಂದು ಅರ್ಜಿಗೆ ಸಿಗುವುದು ಕೆಲವೇ ನಿಮಿಷ. ಆದ್ದರಿಂದ ಅರ್ಜಿಯನ್ನು ಅಳೆಯುವಾಗ ನೀವೂ ಅದನ್ನೇ ಮಾಡಿ ನೋಡಿ: ಮಗುವಿನ ಪರಿಚಯವಿಲ್ಲದ ಇಬ್ಬರಿಗೆ ಈ ಎರಡು ಭಾಗಗಳನ್ನು ಬೇರೆ ಬೇರೆಯಾಗಿ ಕೊಟ್ಟು, ಹತ್ತು ನಿಮಿಷದ ನಂತರ ‘ಈ ಹುಡುಗಿ ಯಾರು’ ಎಂದು ಒಂದೊಂದು ವಾಕ್ಯದಲ್ಲಿ ಹೇಳಲು ಕೇಳಿ. ಎರಡೂ ವಾಕ್ಯ ಒಬ್ಬಳೇ ವ್ಯಕ್ತಿಯನ್ನು ತೋರಿಸಿದರೆ ಅರ್ಜಿ ಗಟ್ಟಿಯಾಗಿದೆ. ‘ಪರಿಶ್ರಮಿ, ನಾಯಕತ್ವ ಗುಣವಿದೆ’ ಎಂಬ ಎಲ್ಲರಿಗೂ ಒಪ್ಪುವ ಮಾತು ಬಂದರೆ ಕೆಲಸ ಬಾಕಿಯಿದೆ.

ಚಟುವಟಿಕೆಗಳ ಬಗ್ಗೆ ಸ್ವಲ್ಪ ನಿಲ್ಲೋಣ. ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ 10 ಚಟುವಟಿಕೆಗಳಿಗೆ ಜಾಗವಿದೆ, ಒಂದೊಂದರ ವಿವರಣೆಗೆ 150 ಅಕ್ಷರ ಮಾತ್ರ. ಪದವಲ್ಲ, ಅಕ್ಷರ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯಲ್ಲಿ 20ರವರೆಗೆ ಜಾಗ. ಬಿಸಿನೆಸ್ ಸ್ಕೂಲಿಗೆ ಬರುವ ಅರ್ಜಿಗಳಲ್ಲಿ ಡೆಕಾ, ಎಫ್‌ಬಿಎಲ್‌ಎಯಂಥ ವಿದ್ಯಾರ್ಥಿಗಳ ಬಿಸಿನೆಸ್ ಸಂಘಗಳು, ಹೂಡಿಕೆ ಕ್ಲಬ್ಬು, ಸ್ವಂತ ‘ಸ್ಟಾರ್ಟಪ್’, ಸ್ವಂತ ‘ಎನ್‌ಜಿಒ’ ಇವು ಮತ್ತೆ ಮತ್ತೆ ಕಾಣುತ್ತವೆ. ಇವು ಕೆಟ್ಟವಲ್ಲ. ಆದರೆ ಅವಿದ್ದ ಮಾತ್ರಕ್ಕೆ ಯಾರೂ ಬೇರೆಯಾಗಿ ಕಾಣುವುದಿಲ್ಲ. ಅಳೆಯಲು ಒಂದು ಪ್ರಶ್ನೆ ಸಾಕು: ಈ ವಿದ್ಯಾರ್ಥಿ ನಾಳೆ ಬಿಟ್ಟು ಹೋದರೆ ಅಲ್ಲಿ ಯಾವ ಕೆಲಸ ನಿಂತುಹೋಗುತ್ತದೆ? ಯಾವುದೂ ನಿಂತುಹೋಗದಿದ್ದರೆ ಅದು ಬರೀ ಹುದ್ದೆ. ‘ಹಣಕಾಸು ಸಾಕ್ಷರತೆಯ ಸಂಸ್ಥೆಯ ಸಂಸ್ಥಾಪಕಿ’ ಎಂಬುದಕ್ಕಿಂತ, ‘ಕುಟುಂಬದ ಅಂಗಡಿಯ ದಾಸ್ತಾನನ್ನು ಸ್ಪ್ರೆಡ್‌ಶೀಟಿಗೆ ತಂದು, ಮಾರಾಟವಾಗದೆ ಕೂತ 60 ವಸ್ತುಗಳನ್ನು ಗುರುತಿಸಿ ಖರೀದಿ ನಿಲ್ಲಿಸಿದೆ’ ಎಂಬ ಸಾಲು ಓದುವವರಿಗೆ ಹೆಚ್ಚು ಹೇಳುತ್ತದೆ. ಮೊದಲನೆಯದರಲ್ಲಿ ಬಿರುದು ಇದೆ. ಎರಡನೆಯದರಲ್ಲಿ ವ್ಯವಹಾರ ಬುದ್ಧಿ ಇದೆ. ಮನೆಯ ಕೆಲಸ, ತಮ್ಮತಂಗಿಯರ ಆರೈಕೆ, ಸಂಬಳದ ಕೆಲಸ ಇವನ್ನೂ ಚಟುವಟಿಕೆಯೆಂದೇ ಬರೆಯಬಹುದು. ನಾಚಿಕೆಯಿಂದ ಬಿಟ್ಟುಬಿಡುವವರು ತಮ್ಮ ಅತ್ಯಂತ ಬಲವಾದ ಸಾಕ್ಷ್ಯವನ್ನೇ ಬಿಟ್ಟಂತಾಗುತ್ತದೆ.

ರಾಸ್ ಕೇಳುತ್ತಾ ಬಂದಿರುವ ಪೋರ್ಟ್‌ಫೋಲಿಯೊ ಇದೇ ಗುಣವನ್ನು ನೇರವಾಗಿ ಹುಡುಕುತ್ತದೆ. ವ್ಯವಹಾರದ ಕಣ್ಣಿನಿಂದ ಒಂದು ಸಮಸ್ಯೆಯನ್ನು ನೋಡುವ ಬರಹ ಒಂದು, ಕಲಿತದ್ದನ್ನು ಕೈಯಾರೆ ಮಾಡಿ ತೋರಿಸಿದ ಯಾವುದಾದರೂ ಒಂದರ ಪುರಾವೆ ಇನ್ನೊಂದು. ಎರಡನೆಯದಕ್ಕೆ ಬಹುಮಾನದ ಪ್ರಮಾಣಪತ್ರ ಲಗತ್ತಿಸುವವರು ಬಹಳ. ಪ್ರಮಾಣಪತ್ರ ಗೆದ್ದದ್ದನ್ನು ಹೇಳುತ್ತದೆ, ಮಾಡಿದ್ದನ್ನು ತೋರಿಸುವುದಿಲ್ಲ. ಕೆಲಸ ಮಾಡುತ್ತಾ ಬದಲಾಗುತ್ತಾ ಬಂದ ಒಂದು ಬಜೆಟ್ ಹಾಳೆ ಅದಕ್ಕಿಂತ ಮೇಲು.

ಇನ್ನು ಸುತ್ತಿನ ಲೆಕ್ಕ. ಅರ್ಲಿ ಡಿಸಿಷನ್ ಎಂದರೆ ಒಪ್ಪಿದರೆ ಸೇರಿಯೇ ಸೇರುತ್ತೇನೆ ಎಂಬ ಬದ್ಧತೆ. ಒಂದು ಕಾಲ್ಪನಿಕ ಸ್ಕೂಲನ್ನು ತೆಗೆದುಕೊಳ್ಳಿ. ಒಟ್ಟು 10,000 ಅರ್ಜಿ, 1,000 ಒಪ್ಪಿಗೆ. ಪ್ರಕಟವಾಗುವ ಪ್ರಮಾಣ ಶೇ 10. ಒಡೆದು ನೋಡಿದರೆ ಅರ್ಲಿ ಸುತ್ತಿನಲ್ಲಿ 1,500 ಅರ್ಜಿಗೆ 450 ಒಪ್ಪಿಗೆ, ಅಂದರೆ ಶೇ 30. ರೆಗ್ಯುಲರ್ ಎಂಬ, ಬದ್ಧತೆಯಿಲ್ಲದ ಸಾಮಾನ್ಯ ಸುತ್ತಿನಲ್ಲಿ 8,500ಕ್ಕೆ 550, ಅಂದರೆ ಸುಮಾರು ಶೇ 6.5. ಅರ್ಲಿಯ 1,500ರಲ್ಲಿ ಕ್ರೀಡಾ ತರಬೇತುದಾರರು ಮೊದಲೇ ಆರಿಸಿಟ್ಟ ಆಟಗಾರರು ಮತ್ತಿತರ ವಿಶೇಷ ಗುಂಪಿನವರು 150 ಮಂದಿ ಇದ್ದು ಅವರಲ್ಲಿ 120 ಮಂದಿಗೆ ಸೀಟು ಸಿಕ್ಕಿದೆ ಎಂದಿಟ್ಟುಕೊಂಡರೆ, ಉಳಿದ 1,350ಕ್ಕೆ 330, ಸುಮಾರು ಶೇ 24. ಅರ್ಲಿಯಲ್ಲಿ ನಿಜವಾದ ಅನುಕೂಲ ಇದೆ, ಆದರೆ ಮೇಲ್ನೋಟಕ್ಕೆ ಕಾಣುವಷ್ಟಲ್ಲ. ಅದಕ್ಕಿಂತ ಮುಖ್ಯವಾದದ್ದು, ಶೇ 10 ಎಂಬ ಅಂಕಿ ಈ ಸ್ಕೂಲಿನ ಯಾವ ಅರ್ಜಿದಾರರ ಪ್ರಮಾಣವೂ ಅಲ್ಲ.

ಹಣದ ವಿಷಯವನ್ನು ಬಹಳ ಮನೆಗಳಲ್ಲಿ ಕೊನೆಗೆ ಮಾತಾಡುತ್ತಾರೆ. ಅದು ಮೊದಲೇ ಬರಬೇಕು, ಏಕೆಂದರೆ ಅದು ಖರ್ಚಿನ ಪ್ರಶ್ನೆ ಮಾತ್ರವಲ್ಲ, ಅವಕಾಶದ ಪ್ರಶ್ನೆಯೂ ಹೌದು. ಪೆನ್ಸಿಲ್ವೇನಿಯಾ ಅಮೆರಿಕ, ಕೆನಡಾ, ಮೆಕ್ಸಿಕೋಗಳ ಅರ್ಜಿದಾರರ ವಿಷಯದಲ್ಲಿ ನೆರವು ಬೇಕೇ ಎಂಬುದನ್ನು ನೋಡದೆ ತೀರ್ಮಾನಿಸುತ್ತದೆ. ಬೇರೆ ದೇಶದವರ ವಿಷಯದಲ್ಲಿ ಅದನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. ಅಂದರೆ ಒಂದೇ ಬಗೆಯ ಎರಡು ವಿದೇಶಿ ಅರ್ಜಿಗಳಲ್ಲಿ, ನೆರವು ಕೇಳಿದ ಅರ್ಜಿಯ ಹಾದಿ ಕಿರಿದು. ಹಾಗೆಂದು ನೆರವು ಬೇಡವೆಂದು ಬರೆದು, ಸೇರಿದ ಮೇಲೆ ಕೇಳೋಣ ಎಂಬ ಉಪಾಯ ಬೇಡ. ಅರ್ಜಿಯ ಹೊತ್ತಿನಲ್ಲಿ ಕೇಳದ ವಿದೇಶಿ ವಿದ್ಯಾರ್ಥಿಗಳಿಗೆ ಆಮೇಲೆ ಕೊಡುವುದಿಲ್ಲ ಎಂಬ ನಿಯಮ ಹಲವು ಕಡೆ ಇದೆ. ಅಮೆರಿಕದ ನಿವಾಸಿಗಳಾದರೆ ಬಹುತೇಕ ಎಲ್ಲ ವಿಶ್ವವಿದ್ಯಾಲಯಗಳ ಜಾಲತಾಣದಲ್ಲೂ ನಿಮಗೆ ಬೀಳುವ ನಿಜವಾದ ಖರ್ಚನ್ನು ಅಂದಾಜಿಸುವ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ ಇರುತ್ತದೆ, ಕಾನೂನಿನ ಪ್ರಕಾರ ಇರಲೇಬೇಕು. ಅದರಲ್ಲಿ ಲೆಕ್ಕ ಹಾಕದೆ ಅರ್ಲಿ ಡಿಸಿಷನ್‌ಗೆ ಸಹಿ ಹಾಕಬೇಡಿ.

ಈಗ ಎಲ್ಲವನ್ನೂ ಕೂಡಿಸುವುದು ಹೇಗೆ? ನಾನು ಸೂಚಿಸುವ ಕ್ರಮ ಒರಟಾದದ್ದು, ಆದರೆ ಪ್ರಾಮಾಣಿಕವಾದದ್ದು. ನಿಮಗೆ ಹೊಂದುವ ಗುಂಪಿನ ಪ್ರಮಾಣದಿಂದ ಶುರುಮಾಡಿ: ಆ ಸ್ಕೂಲು, ಆ ಸುತ್ತು, ಆ ನಿವಾಸ. ಮೇಲಿನ ಕಾಲ್ಪನಿಕ ಸ್ಕೂಲಿನ ರೆಗ್ಯುಲರ್ ಸುತ್ತಾದರೆ ಶೇ 6.5. ಆಮೇಲೆ ಅಂಕಪಟ್ಟಿ, ಪರೀಕ್ಷೆ, ಚಟುವಟಿಕೆ ಮತ್ತು ಬರಹ, ಶಿಫಾರಸು ಪತ್ರ ಇವುಗಳ ಮುಂದೆ ‘ಅಲ್ಲಿ ಸೇರಿದವರಿಗಿಂತ ಮೇಲೆ’, ‘ಸಮ’, ‘ಕೆಳಗೆ’ ಎಂದು ಬರೆಯಿರಿ. ಬರೆದದ್ದಕ್ಕೆ ಪಕ್ಕದಲ್ಲೇ ಪುರಾವೆ ಇರಬೇಕು. ‘ಪ್ರಬಂಧ ಚೆನ್ನಾಗಿದೆ ಎಂದು ಅಪ್ಪ ಹೇಳಿದರು’ ಪುರಾವೆಯಲ್ಲ. ಬಹುಪಾಲು ‘ಮೇಲೆ’ ಇದ್ದರೆ ಪ್ರಮಾಣವನ್ನು ಎರಡರಷ್ಟು ಮಾಡಿ, ‘ಕೆಳಗೆ’ ಒಂದಿದ್ದರೂ ಅರ್ಧ ಮಾಡಿ, ನೆರವನ್ನು ಗಣನೆಗೆ ತೆಗೆದುಕೊಳ್ಳುವ ಕಡೆ ನೆರವು ಬೇಕಿದ್ದರೆ ಮತ್ತೆ ಅರ್ಧ. ಎರಡರಷ್ಟು ಮಾಡುವುದು ಒಂದೇ ಸಲ. ಹೀಗೆ ಮಾಡಿದರೆ ತುಂಬಾ ಬಲವಾದ ಅರ್ಜಿಯೂ ಶೇ 13ರ ಸುತ್ತ ನಿಲ್ಲುತ್ತದೆ. ಬೇಸರವಾಗಬಹುದು, ಆದರೆ ಅಂಥ ಸ್ಕೂಲುಗಳ ವಾಸ್ತವ ಅದೇ. ಅಲ್ಲಿ ಯಾರಿಗೂ ‘ಖಚಿತ’ ಎಂಬುದಿಲ್ಲ.

ಇಲ್ಲಿ ಒಂದು ಗಣಿತದ ಬಲೆಯಿದೆ, ಇದನ್ನು ಗಮನವಿಟ್ಟು ಕೇಳಿ. ‘ಒಂದೊಂದರಲ್ಲೂ ಶೇ 10 ಅವಕಾಶವಿದೆ, ಹತ್ತು ಕಡೆ ಹಾಕಿದರೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ’ ಎನ್ನುತ್ತಾರೆ. ಹತ್ತು ಫಲಿತಾಂಶಗಳೂ ಒಂದಕ್ಕೊಂದು ಸಂಬಂಧವಿಲ್ಲದೆ ಬರುವುದಾದರೆ ಕನಿಷ್ಠ ಒಂದು ಕಡೆ ಸಿಗುವ ಸಾಧ್ಯತೆ ಸುಮಾರು ಶೇ 65. ಆಗಲೂ ಮೂರರಲ್ಲಿ ಒಬ್ಬರು ಬರಿಗೈ. ಆದರೆ ಅವು ಸಂಬಂಧವಿಲ್ಲದೆ ಬರುವುದಿಲ್ಲ. ಹತ್ತೂ ಕಡೆ ಹೋಗುವುದು ಅದೇ ಅಂಕಪಟ್ಟಿ, ಅದೇ ಶಿಫಾರಸು ಪತ್ರ, ಅದೇ 650 ಪದಗಳ ಪ್ರಬಂಧ. ಆ ಪ್ರಬಂಧ ಸಪ್ಪೆಯಾಗಿದ್ದರೆ ಹತ್ತೂ ಕಡೆ ಸಪ್ಪೆಯೇ. ಹಾಗಾಗಿ ನಿಜವಾದ ಸಾಧ್ಯತೆ ಶೇ 65ಕ್ಕಿಂತ ಕೆಳಗೆ. ಅರ್ಜಿಗಳ ಸಂಖ್ಯೆ ಹೆಚ್ಚಿಸಿ ಈ ಅಪಾಯವನ್ನು ದಾಟಲಾಗುವುದಿಲ್ಲ. ದಾಟುವುದು ಪಟ್ಟಿಯಲ್ಲಿ ಬೇರೆ ಬೇರೆ ಮಟ್ಟದ ಸ್ಕೂಲುಗಳಿದ್ದಾಗ ಮಾತ್ರ. ಕನಿಷ್ಠ ಎರಡು ಕಡೆ ಪ್ರವೇಶ ಹೆಚ್ಚುಕಡಿಮೆ ಖಚಿತವಾಗಿರಬೇಕು, ಅಲ್ಲಿನ ಖರ್ಚು ಕೈಗೆಟುಕಬೇಕು, ಅಲ್ಲಿಗೆ ಹೋಗಲು ಮಗುವಿಗೆ ಮನಸ್ಸೂ ಇರಬೇಕು. ಮೂರನೆಯದು ಇಲ್ಲದಿದ್ದರೆ ಆ ಹೆಸರು ಪಟ್ಟಿಯಲ್ಲಿ ಇದ್ದೂ ಇಲ್ಲದಂತೆ.

ಕೊನೆಯದಾಗಿ, ಈ ಲೆಕ್ಕವನ್ನು ಒಮ್ಮೆ ಹಾಕಿ ಬಿಡುವುದಲ್ಲ. ಅರ್ಲಿ ಸುತ್ತಿನ ಫಲಿತಾಂಶ ಸಾಮಾನ್ಯವಾಗಿ ಡಿಸೆಂಬರ್ ನಡುವಿಗೆ ಬರುತ್ತದೆ. ‘ಮುಂದೂಡಿದ್ದೇವೆ’ ಎಂದು ಬಂದರೆ ಅರ್ಜಿ ರೆಗ್ಯುಲರ್ ಗುಂಪಿಗೆ ಸೇರಿತು, ಸೇರಲೇಬೇಕೆಂಬ ಬದ್ಧತೆಯೂ ಕಳಚಿತು. ಈಗ ಶೇ 24ರ ಲೆಕ್ಕ ಮರೆತು ಶೇ 6.5ರಿಂದ ಮತ್ತೆ ಶುರುಮಾಡಿ. ಆಗ ಕೈಯಲ್ಲಿ ಉಳಿದಿರುವ ಹೊಸ ಸಾಕ್ಷ್ಯ ಎರಡೇ: ಶಾಲೆಯಿಂದ ಹೋಗುವ ಅರ್ಧವಾರ್ಷಿಕ ಗ್ರೇಡುಗಳು ಮತ್ತು ವಿದ್ಯಾರ್ಥಿಯೇ ಬರೆಯುವ ಒಂದು ಪುಟದ ಪತ್ರ. ಆ ಪತ್ರದಲ್ಲಿ ಮೊದಲ ಅರ್ಜಿಯಲ್ಲಿ ಇಲ್ಲದ್ದು ಮಾತ್ರ ಇರಲಿ, ಮತ್ತು ಅದನ್ನು ವಿಶ್ವವಿದ್ಯಾಲಯ ಹೇಳಿದ ಪೋರ್ಟಲ್ಲಿನ ಮೂಲಕವೇ ಕಳಿಸಿ. ಹೊಸದೇನೂ ಇಲ್ಲದಿದ್ದರೆ, ಇನ್ನೂ ಆಸಕ್ತಿಯಿದೆ ಎಂದು ನಾಲ್ಕು ಸಾಲು ಬರೆದು, ಉಳಿದ ಸಮಯವನ್ನು ಜನವರಿಯ ಗಡುವಿರುವ ಬೇರೆ ಅರ್ಜಿಗಳಿಗೆ ಕೊಡಿ.